ಗ್ರೇಸ್ ಮಾರ್ಕ್ಸ್ ಕೊಡದ ಮೇಷ್ಟ್ರು

ಕಳೆದ ತಿಂಗಳು ಅವರನ್ನು ಮಣ್ಣು ಮಾಡಿ ಬಂದೆವು. ಅದಕ್ಕೆ ಮೊದಲು ಚರ್ಚಿನಲ್ಲಿ ಪ್ರಾರ್ಥನೆ ಇತ್ತು. ಪ್ರಾರ್ಥನೆ ಮುಗಿಸಿದ ಸಭಾಪಾಲಕರು, "ಇವರ ಬಗ್ಗೆ ಯಾರಾದರೂ ಎರಡು ಮಾತು ಹೇಳುವುದಿದ್ದರೆ ಮುಂದೆ ಬನ್ನಿ" ಎಂದು ಕರೆದರು. ಹಳೆಯ ವಿದ್ಯಾರ್ಥಿನಿಯರು ಮೂರು ನಾಲ್ಕು ಮಂದಿ ಹೋಗಿ ಮಾತಾಡಿದರು. ನಾನು ಮೂರನೆಯ ಬೆಂಚಿನಲ್ಲಿ ಕೂತೇ ಇದ್ದೆ. ಮೂವತ್ತು ವರ್ಷ ತರಗತಿಯಲ್ಲಿ ನಿಂತು ಮಾತಾಡಿದವಳಿಗೆ ಅಲ್ಲಿ ಏಳಲು ಆಗಲಿಲ್ಲ. ನಾನು ಹೇಳಬೇಕಾದ್ದು ಎರಡು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಮುಗಿಯುವಂತಿದ್ದರೂ ಅದರಲ್ಲಿ ಒಂದು ಮಾತು ಅವರ ಬಗ್ಗೆಯಲ್ಲ, ನನ್ನ ಬಗ್ಗೆಯೇ ಇರಬೇಕಿತ್ತು. ಈಗ ಬರೆಯಲು ಕೂತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಪೇಪರಿನಲ್ಲಿ ತಮ್ಮ ಹೆಸರು ಬಂದರೆ ಅಚ್ಚಿನ ತಪ್ಪನ್ನು ಹುಡುಕುತ್ತಿದ್ದ ಮನುಷ್ಯ ಅವರು.

ಚಾಮರಾಜಪೇಟೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ನಾನು ಕನ್ನಡ ಕಲಿಸಲು ಸೇರಿದಾಗ ಅವರು ಅಲ್ಲಿ ವಿಜ್ಞಾನದ ಮೇಷ್ಟ್ರು. ವಯಸ್ಸು ನಲವತ್ತು ದಾಟಿತ್ತು. ಉದ್ದಕ್ಕೆ, ತೆಳ್ಳಗೆ ಇದ್ದರು. ಒಗೆದೊಗೆದು ಹಳದಿಗೆ ತಿರುಗಿದ ಬಿಳಿ ಅಂಗಿ. ಬೆರಳ ತುದಿಯಲ್ಲಿ ಯಾವಾಗಲೂ ಕಂದು ಕಲೆ. ಲ್ಯಾಬಿನ ಯಾವುದೋ ದ್ರಾವಣದ ಕಲೆ ಅದು, ಭಾನುವಾರವೂ ಹೋಗುತ್ತಿರಲಿಲ್ಲವಂತೆ. ಮೊದಲ ವಾರ ಸ್ಟಾಫ್ ರೂಮಿನಲ್ಲಿ ಅವರು ಮಾತಾಡುವುದನ್ನು ಕೇಳಿ ನಾನು, "ನಿಮ್ಮ ಕನ್ನಡ ತುಂಬಾ ಚೆನ್ನಾಗಿದೆ ಸರ್" ಎಂದೆ. ಅವರ ಹೆಸರು ಕೇಳಿದ ಮೇಲೆ ಹಾಗೆ ಹೇಳಬೇಕು ಅನ್ನಿಸಿತ್ತು. ಕ್ರೈಸ್ತರ ಹೆಸರು. ಅವರು ಟಿಫನ್ ಡಬ್ಬಿಯ ಮುಚ್ಚಳ ತೆಗೆಯುತ್ತಾ, "ನಿಮ್ಮದೂ ಪರವಾಗಿಲ್ಲ ಮೇಡಂ" ಎಂದರು.

ಕೋಲಾರದ ಕಡೆಯ ಮನೆತನ. ಮನೆಯಲ್ಲಿ ತಲೆಮಾರುಗಳಿಂದ ಕನ್ನಡವೇ. ಅವರ ಅಜ್ಜ ಊರಿನ ಮಕ್ಕಳಿಗೆ ಅಕ್ಷರ ತಿದ್ದಿಸಿದವರು ಎಂದು ಆಮೇಲೆ ತಿಳಿಯಿತು. ಬಸವನಗುಡಿಯಲ್ಲಿ ಹುಟ್ಟಿ ಬೆಳೆದ ನನಗೆ ಕನ್ನಡ ನಮ್ಮ ಬೀದಿಯ ಸ್ವತ್ತು ಎನ್ನುವ ಭಾವನೆ ಇತ್ತು. ಅದನ್ನು ಅವರು ಒಂದೇ ವಾಕ್ಯದಲ್ಲಿ ಸರಿ ಮಾಡಿದರು. ಆಮೇಲೆ ಒಮ್ಮೆಯೂ ಆ ಮಾತನ್ನು ನೆನಪಿಸಲಿಲ್ಲ.

ಆಯುಧಪೂಜೆಯ ದಿನ ಶಾಲೆಯಲ್ಲಿ ಲ್ಯಾಬಿನ ಸಾಮಾನಿಗೂ ಪೂಜೆ ಇರುತ್ತಿತ್ತು. ಹಿಂದಿನ ದಿನ ಅವರೇ ಸೂಕ್ಷ್ಮದರ್ಶಕಗಳನ್ನು ಒರೆಸಿ, ಸಾಲಾಗಿ ಮೇಜಿನ ಮೇಲಿಟ್ಟು, ಬಿಳಿ ಬಟ್ಟೆ ಹಾಸುತ್ತಿದ್ದರು. ಪೂಜೆ ಶುರುವಾದಾಗ ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದರು. ಪುರಿ ಬತ್ತಾಸು ಹಂಚುವ ಹೊತ್ತಿಗೆ ಒಳಗೆ ಬಂದು ಎಲ್ಲರ ಜೊತೆ ಕೂತು ತಿನ್ನುತ್ತಿದ್ದರು. ಒಮ್ಮೆ ನಾನು ಕೇಳಿದೆ, "ಪೂಜೆಗೆ ನಿಲ್ಲಲ್ಲ, ಪ್ರಸಾದ ಮಾತ್ರ ಆಗುತ್ತಾ ಸರ್?"

"ಇದು ಪ್ರಸಾದ ಅಲ್ಲ ಮೇಡಂ. ಪೂಜೆಗೆ ಮುಂಚೆನೇ ಒಂದು ಹಿಡಿ ಎತ್ತಿಡೋಕೆ ಆಯಮ್ಮಂಗೆ ಹೇಳಿರ್ತೀನಿ. ದೇವರ ವಿಷಯದಲ್ಲಿ ನನ್ನ ದಾರಿ ನನಗೆ. ಹಾಗಂತ ನೀವೆಲ್ಲ ತಿನ್ನೋವಾಗ ನಾನೊಬ್ಬನೇ ಬಾಯಿ ನೋಡ್ಕೊಂಡು ಕೂರೋಕಾಗುತ್ತಾ?"

ಅವರ ಕಟ್ಟುನಿಟ್ಟೂ ಹೀಗೆ, ಸ್ನೇಹವೂ ಹೀಗೆ. ಎರಡನ್ನೂ ಮೊದಲೇ ಬೇರೆ ಬೇರೆ ಬಟ್ಟಲಲ್ಲಿ ಎತ್ತಿಟ್ಟುಕೊಂಡಿರುತ್ತಿದ್ದರು.

ಶಾಲೆಯಲ್ಲಿ ಅವರ ಹೆಸರು ಕೆಟ್ಟಿದ್ದು ಗ್ರೇಸ್ ಮಾರ್ಕ್ಸ್ ವಿಷಯದಲ್ಲಿ. ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಮುಖ್ಯೋಪಾಧ್ಯಾಯಿನಿ ಎಲ್ಲರನ್ನೂ ಕೂರಿಸಿಕೊಂಡು, ಎರಡು ಮೂರು ಅಂಕಗಳಲ್ಲಿ ಬಿದ್ದವರನ್ನು ಎತ್ತಿಬಿಡಿ ಎನ್ನುತ್ತಿದ್ದರು. ನಾವೆಲ್ಲ ಎತ್ತುತ್ತಿದ್ದೆವು. ಅವರು ಮಾತ್ರ ಪೇಪರನ್ನು ಇನ್ನೊಂದು ಸಲ ತಿದ್ದಿ, "ಎಲ್ಲೂ ಇಲ್ಲ ಮೇಡಂ, ಹುಡುಕಿದೆ" ಎಂದು ವಾಪಸು ಇಡುತ್ತಿದ್ದರು. ಹಾಗೆ ಬಿದ್ದ ಹುಡುಗಿಯರನ್ನು ಬೇಸಿಗೆ ರಜೆಯಲ್ಲಿ ದಿನಾ ಬೆಳಗ್ಗೆ ಕರೆಸಿ ಪಾಠ ಹೇಳುತ್ತಿದ್ದರು, ಅದು ಬೇರೆ ಮಾತು. ನಾನು ಒಂದು ಸಲ ರೇಗಿಸಿದೆ.

"ನಿಮ್ಮ ಧರ್ಮದಲ್ಲಿ ಕೃಪೆನೇ ಎಲ್ಲಕ್ಕಿಂತ ದೊಡ್ಡದು ಅಂತೀರಿ. ಮೂರು ಮಾರ್ಕ್ಸಿಗೆ ಇಷ್ಟು ಜಿಪುಣತನನಾ?"

ಅವರು ಕೆಂಪು ಪೆನ್ನಿಗೆ ಕ್ಯಾಪ್ ಹಾಕಿದರು. "ಮೂರು ಮಾರ್ಕ್ಸ್ ಕಮ್ಮಿ ಇರೋಳಿಗೆ ಕೊಡೋದು ಕೃಪೆ ಅಲ್ಲ ಮೇಡಂ. ಅವಳು ಬಾಗಿಲ ತನಕ ನಡ್ಕೊಂಡು ಬಂದಿದಾಳೆ. ನಾವು ಒಂಚೂರು ಒಳಗೆ ತಳ್ಳಿದ್ವಿ, ಅಷ್ಟೆ. ಕೃಪೆ ಅನ್ನೋದು ಸೊನ್ನೆ ತಗೊಂಡೋರಿಗೆ. ಪೇಪರೇ ಬರೀದೆ ಓಡಿಹೋದೋರಿಗೆ. ಅದನ್ನ ಕೊಡೋ ಅಧಿಕಾರ ಈ ಸ್ಕೂಲಲ್ಲಿ ಯಾರಿಗೂ ಇಲ್ಲ. ನನಗಂತೂ ಇಲ್ಲ."

ನನಗೆ ಆಗ ಅದು ಚಮತ್ಕಾರದ ಮಾತಾಗಿ ಕೇಳಿಸಿತು. ನಮ್ಮ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದ ಗಾದೆ 'ಮಾಡಿದ್ದುಣ್ಣೋ ಮಹರಾಯ'. ಅನುಗ್ರಹ, ಕೃಪೆ ಎಲ್ಲ ನಮಗೂ ಹೊಸ ಪದಗಳಲ್ಲ. ಆದರೆ ಅದಕ್ಕೆ ಮೊದಲು ವ್ರತ, ನೇಮ, ಕಡೇಪಕ್ಷ ಒಂದು ತೆಂಗಿನಕಾಯಿಯಾದರೂ ಬೇಕು. ಏನೂ ಮಾಡದವರಿಗೆ, ಕೆಟ್ಟದ್ದು ಮಾಡಿದವರಿಗೆ, ಸುಮ್ಮನೆ ಸಿಗುವ ಕೃಪೆ ಎಂದರೆ ನನಗೆ ಅದು ಅನ್ಯಾಯದಂತೆಯೇ ಕಂಡಿತು. ಹಾಗೆಂದು ಅವರಿಗೂ ಹೇಳಿದೆ.

"ಹೌದು, ಅನ್ಯಾಯನೇ," ಎಂದರು. "ಅದಕ್ಕೇ ಅದನ್ನ ನಂಬೋದು ಕಷ್ಟ."

ನಾನು ಸೇರಿ ಎರಡು ವರ್ಷ ಆಗುತ್ತಾ ಬಂದಿತ್ತು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಶಾಲಾ ವಾರ್ಷಿಕೋತ್ಸವಕ್ಕೆ ನಾಟಕ ಆಡಿಸುವ ಕೆಲಸ ನನ್ನದು. ಬೇರೆ ಜಾಗ ಇಲ್ಲದ್ದರಿಂದ ವೇಷಭೂಷಣದ ಟ್ರಂಕನ್ನು ಲ್ಯಾಬಿನ ಒಳಕೋಣೆಯಲ್ಲಿ ಇಟ್ಟಿದ್ದೆವು. ಲ್ಯಾಬಿನ ಬೀಗದ ಕೈ ಆಫೀಸಿನ ಮೊಳೆಗೆ ನೇತಾಡುತ್ತಿತ್ತು, ತೆಗೆದುಕೊಂಡವರು ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಬೆಳಗ್ಗೆ ಅವರು ಸಹಿ ಹಾಕಿ ತೆಗೆದುಕೊಂಡು, ತಾಲೀಮಿನ ಹೊತ್ತಿಗೆ ನನ್ನ ಕೈಗೆ ಕೊಡುತ್ತಿದ್ದರು. "ಬೀಗ ಹಾಕಿದ್ಮೇಲೆ ಒಂದ್ಸಲ ಎಳೆದು ನೋಡಿ" ಎಂದು ಹೇಳಿದ್ದರು. ಕೈಯಿಂದ ಕೈಗೆ ಕೊಟ್ಟದ್ದು, ನನ್ನ ಸಹಿ ಎಲ್ಲಿಯೂ ಇರಲಿಲ್ಲ.

ಒಂದು ಮಧ್ಯಾಹ್ನ ಎರಡೂ ತೋಳಿನ ತುಂಬ ಸೀರೆ, ಶಲ್ಯ ಹೊತ್ತು ಹೊರಗೆ ಬಂದೆ. ಬಾಗಿಲನ್ನು ಕಾಲಿನಿಂದಲೇ ಮುಂದಕ್ಕೆ ಮಾಡಿದೆ. ಇವನ್ನು ಇಟ್ಟು ಬಂದು ಬೀಗ ಹಾಕಿದರಾಯಿತು ಅಂದುಕೊಂಡೆ. ತಾಲೀಮು ಶುರುವಾಯಿತು, ಮರೆತೆ. ರಾಣಿಯ ಪಾತ್ರದ ಹುಡುಗಿ, ಎಂಟನೇ ಕ್ಲಾಸಿನವಳು, ತನ್ನ ಸೊಂಟದ ಪಟ್ಟಿ ಕಾಣಲಿಲ್ಲವೆಂದು ಹುಡುಕಲು ಹೋದಳು. ಬಾಗಿಲು ತೆರೆದಿತ್ತು. ಟ್ರಂಕು ಎಳೆಯುವಾಗ ಪಕ್ಕದ ಕಪಾಟು ಅಲುಗಿ ಆಸಿಡ್ ಬಾಟಲಿ ಅವಳ ಬಲಗೈ ಮೇಲೆ ಬಿತ್ತು.

ಕಿರುಚಿದ ಸದ್ದು ಕೇಳಿ ಮೊದಲು ಓಡಿದವರು ಅವರು. ಮಗುವನ್ನು ಎತ್ತಿಕೊಂಡು ನಲ್ಲಿಯ ಕೆಳಗೆ ಕೈ ಹಿಡಿದು, ನೀರು ಬಿಟ್ಟುಕೊಂಡೇ ನಿಂತರು. ಆಟೋ ಬರುವ ತನಕ ನಿಲ್ಲಿಸಲಿಲ್ಲ. ಅವರ ಅಂಗಿಯ ಮುಂಭಾಗ ತೂತು ತೂತಾಗಿತ್ತು. ಆ ಗಲಾಟೆಯಲ್ಲಿ ನಾನು ಏನು ಮಾಡಿದೆ ಎಂಬುದನ್ನು ಬರೆಯದೆ ಈ ಬರಹಕ್ಕೆ ಅರ್ಥವಿಲ್ಲ. ನಾನು ಆಫೀಸಿಗೆ ಹೋಗಿ, ಬ್ಯಾಗಿನಿಂದ ಬೀಗದ ಕೈ ತೆಗೆದು, ಮೊಳೆಗೆ ನೇತುಹಾಕಿದೆ. ಮರೆತದ್ದು ಮರೆವು. ಇದು ಮರೆವಲ್ಲ.

ಎರಡು ದಿನದ ಮೇಲೆ ವಿಚಾರಣೆ. ಆಡಳಿತ ಮಂಡಳಿಯ ಇಬ್ಬರು, ಮುಖ್ಯೋಪಾಧ್ಯಾಯಿನಿ, ನಾವೆಲ್ಲ. "ಬಾಗಿಲು ತೆರೆದಿಟ್ಟಿದ್ದು ಯಾರು?" ಎಂದು ಕೇಳಿದರು. ರಿಜಿಸ್ಟರಿನಲ್ಲಿ ಅವರ ಸಹಿ ಇತ್ತು. ಅವರು ನನ್ನ ಕಡೆ ನೋಡಿದರು. ಸಿಟ್ಟಿನ ನೋಟವಲ್ಲ. ಪ್ರಶ್ನೆ ಕೇಳಿ, ಕೈ ಎತ್ತುತ್ತಾಳೇನೋ ಎಂದು ಹುಡುಗಿಗಾಗಿ ಕಾಯುವ ಮೇಷ್ಟರ ನೋಟ. ನಾನು ಮೇಜಿನ ಮೇಲಿನ ನೀರಿನ ಲೋಟ ನೋಡುತ್ತಾ ಕೂತೆ. ಸ್ವಲ್ಪ ಹೊತ್ತು ಕಾದು ಅವರು, "ಲ್ಯಾಬ್ ನನ್ನದು. ಜವಾಬ್ದಾರಿ ನನ್ನದು" ಎಂದರು.

ಅವರನ್ನು ಕೆಲವು ತಿಂಗಳು ಅಮಾನತಿನಲ್ಲಿಟ್ಟರು. ವಾಪಸು ಬಂದಾಗ ಲ್ಯಾಬ್ ಅವರ ಕೈಯಲ್ಲಿರಲಿಲ್ಲ. ಮುಂದೆ ಬರಬೇಕಿದ್ದ ಮುಖ್ಯೋಪಾಧ್ಯಾಯ ಹುದ್ದೆಯೂ ತಪ್ಪಿತು. ಅದೇ ಶಾಲೆಯ ಪ್ರೈಮರಿ ವಿಭಾಗದಲ್ಲಿ ಐದು, ಆರನೇ ಕ್ಲಾಸಿನ ಪಾಠ ಕೊಟ್ಟರು, ಯಾರಾದರೂ ರಜೆ ಹಾಕಿದರೆ ಅವರ ಪೀರಿಯಡ್ ಕೊಟ್ಟರು. ಹುದ್ದೆ ಹೋದದ್ದಕ್ಕೆ ಅವರು ಬೇಸರ ಮಾಡಿಕೊಂಡದ್ದನ್ನು ನಾನು ಕಾಣೆ. ಆದರೆ ಲ್ಯಾಬಿನ ಮುಂದೆ ಹಾದುಹೋಗುವಾಗ ನಡಿಗೆ ಜೋರಾಗುತ್ತಿತ್ತು. ಬೆರಳಿನ ಕಂದು ಕಲೆಗಳು ಒಂದೊಂದಾಗಿ ಮಾಸಿ, ಆರು ತಿಂಗಳಲ್ಲಿ ಅವರ ಕೈ ಯಾವುದೋ ಗುಮಾಸ್ತರ ಕೈಯಂತೆ ಬೆಳ್ಳಗಾಯಿತು. ನನ್ನ ಕೆಲಸ ಖಾಯಂ ಆಯಿತು.

ವಾಪಸು ಬಂದ ಮೇಲೆ ಅವರು ನನ್ನ ಜೊತೆ ಮಾತಾಡಲಿಲ್ಲ. ಕ್ರಿಸ್‌ಮಸ್‌ಗೆ ಪ್ರತಿ ವರ್ಷ ಮನೆಯಿಂದ ರೋಸ್ ಕುಕ್ಕಿ ತಂದು ಒಬ್ಬೊಬ್ಬರ ಮೇಜಿಗೂ ತಾವೇ ಕೊಡುತ್ತಿದ್ದರು. ಆ ವರ್ಷ ನನ್ನ ಪಾಲು ಆಯಮ್ಮನ ಕೈಯಲ್ಲಿ ಬಂತು. ನಾನೂ ಅವರ ಕಣ್ಣು ತಪ್ಪಿಸಿ ಓಡಾಡುತ್ತಿದ್ದೆ. ಇದ್ದಕ್ಕಿದ್ದಂತೆ ಒಂದು ಸೋಮವಾರ, ಊಟದ ಹೊತ್ತಿಗೆ ನನ್ನ ಎದುರಿಗೆ ಬಂದು ಕೂತು, ತಮ್ಮ ಡಬ್ಬಿಯನ್ನು ನನ್ನ ಕಡೆ ತಳ್ಳಿ, "ಈ ಪಲ್ಯಕ್ಕೆ ಉಪ್ಪು ಜಾಸ್ತಿ ಆಗಿದ್ಯಾ ನೋಡಿ ಮೇಡಂ" ಎಂದರು. ಆಗಿರಲಿಲ್ಲ. ಆ ದಿನದಿಂದ ಮೊದಲಿನ ಹಾಗೆಯೇ. ನನ್ನ ಕಾಗುಣಿತದಲ್ಲಿ ತಪ್ಪು ಹುಡುಕುವುದು, ರೇಗಿಸುವುದು, ನನ್ನ ಮಗಳಿಗೆ ಲೆಕ್ಕ ಹೇಳಿಕೊಡುವುದು, ಎಲ್ಲ. ಮರೆತಿದ್ದಾರೆ ಎಂದು ನಾನು ನಂಬಿದೆ. ನಂಬುವುದು ಅನುಕೂಲವಾಗಿತ್ತು. ಅವರು ನಿವೃತ್ತರಾದರು. ಕೆಲವು ವರ್ಷಗಳ ಮೇಲೆ ಅವರಿಗೆ ಸಿಗದ ಆ ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿ ನಾನು ಕೂತೆ.

ನಾನೂ ನಿವೃತ್ತಳಾದೆ. ಹೇಳಿದರೆ ಕಳೆದುಕೊಳ್ಳುವಂಥದ್ದು ಏನೂ ಉಳಿಯದ ಮೇಲೆ ನನಗೆ ಹೇಳುವ ಧೈರ್ಯ ಬಂತು. ಇದನ್ನು ಧೈರ್ಯ ಅನ್ನಬಹುದೋ ಇಲ್ಲವೋ ಓದುವವರು ತೀರ್ಮಾನಿಸಲಿ. ಒಂದು ಬೆಳಗ್ಗೆ ತ್ಯಾಗರಾಜನಗರದಿಂದ ಆಟೋ ಮಾಡಿಕೊಂಡು ಚಾಮರಾಜಪೇಟೆಯ ಅವರ ಮನೆಗೆ ಹೋದೆ. ಮೊದಲ ಮಹಡಿಯ ಬಾಡಿಗೆ ಮನೆ, ಕೆಳಗೆ ಬೀರು ರಿಪೇರಿಯ ಅಂಗಡಿ. ಅವರೂ ಅವರ ಹೆಂಡತಿಯೂ ಇಬ್ಬರೇ. ಸೇಬಿನ ಚೀಲ ಕೆಳಗಿಟ್ಟು, ಕೂತ ಕೂಡಲೇ ಹೇಳಿಬಿಟ್ಟೆ. ಬಾಗಿಲು, ಬೀಗದ ಕೈ, ಮೊಳೆ, ನೀರಿನ ಲೋಟ.

ಅವರು ಪೂರ್ತಿ ಕೇಳಿದರು. "ಮೊಳೆಗೆ ನೇತುಹಾಕಿದ್ದು ನೀವಾ? ನಾನು ಆಯಮ್ಮ ಅಂದ್ಕೊಂಡಿದ್ದೆ" ಎಂದರು. ಉಳಿದದ್ದೆಲ್ಲ ಅವರಿಗೆ ಮೊದಲ ದಿನದಿಂದ ಗೊತ್ತಿದ್ದದ್ದೇ.

"ಆದ್ರೂ ನೀವು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ರಿ ಸರ್."

"ಇಲ್ಲ ಮೇಡಂ. ಬೇಜಾರು ಮಾಡ್ಕೋಬೇಡಿ, ಆ ವರ್ಷ ಪೂರ್ತಿ ನಾನು ನಿಮ್ಮನ್ನ ದ್ವೇಷ ಮಾಡಿದೀನಿ. ಚೆನ್ನಾಗಿ ಮಾಡಿದೀನಿ. ನಿಮ್ಮ ಹೆಸರು ಕಿವಿಗೆ ಬಿದ್ರೆ ಹೊಟ್ಟೆ ಉರೀತಿತ್ತು."

ಅಷ್ಟರಲ್ಲಿ ಅವರ ಹೆಂಡತಿ ಕಾಫಿ ತಂದು ನನ್ನ ಮುಂದೆ ಇಟ್ಟರು. ಇಟ್ಟ ರಭಸಕ್ಕೆ ತಟ್ಟೆಗೆ ಸ್ವಲ್ಪ ಚೆಲ್ಲಿತು. "ಇವರು ಕ್ಷಮಿಸಿ ಆಗಿದೆ," ಎಂದರು ಆಕೆ, ನನ್ನ ಮುಖ ನೋಡದೆ. "ನನ್ನ ಕೈಲಿ ಇನ್ನೂ ಆಗಿಲ್ಲ. ಪ್ರಯತ್ನ ಮಾಡ್ತಿದೀನಿ. ಸಕ್ಕರೆ ಸಾಕಾ?" ನಾನು ಸಾಕು ಎಂದೆ. ಆಕೆ ಒಳಗೆ ಹೋದರು.

ಅವರು ಹೇಳಿದ್ದು ಇಷ್ಟು. ಅವರ ಚರ್ಚಿನಲ್ಲಿ ತಿಂಗಳಿಗೊಮ್ಮೆ ಎಲ್ಲರೂ ಮುಂದೆ ಹೋಗಿ ಮೊಣಕಾಲೂರಿ ರೊಟ್ಟಿಯ ತುಣುಕು, ಒಂದು ಗುಟುಕು ದ್ರಾಕ್ಷಾರಸ ತೆಗೆದುಕೊಳ್ಳುತ್ತಾರೆ. ಮನಸ್ಸಿನಲ್ಲಿ ಇನ್ನೊಬ್ಬರ ಮೇಲೆ ಹಗೆ ಇಟ್ಟುಕೊಂಡು ಹೋಗಬಾರದು ಎಂದು ಅವರು ಕಲಿತದ್ದು. ಆದ್ದರಿಂದ ಹನ್ನೊಂದು ತಿಂಗಳು ಬೆಂಚಿನಲ್ಲೇ ಕೂತಿದ್ದರಂತೆ. ಪಕ್ಕದವರು ದಾಟಿ ಹೋಗಲು ಕಾಲು ಮಡಿಚಿ ದಾರಿ ಬಿಡುತ್ತಿದ್ದರಂತೆ.

"ಪ್ರತಿ ತಿಂಗಳೂ ನಿಮ್ಮನ್ನ ಕ್ಷಮಿಸೋಕೆ ಪ್ರಯತ್ನ ಪಡ್ತಿದ್ದೆ. ಆಗ್ತಿರಲಿಲ್ಲ. ಒಳಗೊಳಗೇ ಹೆಮ್ಮೆ ಬೇರೆ. ನಾನು ಬಾಯಿ ಬಿಡಲಿಲ್ಲ, ಇನ್ನೊಬ್ಬರ ತಪ್ಪು ಹೊತ್ತೆ, ಎಂಥಾ ಮನುಷ್ಯ ನಾನು ಅಂತ. ಹನ್ನೆರಡನೇ ತಿಂಗಳು ಹಾಗೇ ಕೂತಿದ್ದಾಗ ಆ ಬಾಟಲಿ ನೆನಪಾಯ್ತು."

"ಯಾವ ಬಾಟಲಿ?"

"ಆಸಿಡ್ ಬಾಟಲಿ. ಅದು ಮೇಲಿನ ಕಪಾಟಲ್ಲಿ ಬೀಗದೊಳಗೆ ಇರಬೇಕಾಗಿದ್ದು ಮೇಡಂ. ಸ್ಟೂಲಿನ ಕಾಲು ಮುರಿದಿತ್ತು. ದಿನಾ ಹತ್ತಿ ಇಳಿಯೋಕೆ ಬೇಜಾರಾಗಿ ಮೂರು ವಾರದಿಂದ ಕೈಗೆ ಸಿಗೋ ಹಾಗೆ ಕೆಳಗಡೆ ಇಟ್ಟಿದ್ದೆ. ಇಟ್ಟಿದ್ದು ನಾನೇ. ವಿಚಾರಣೆಯಲ್ಲಿ ಯಾರೂ ಅದನ್ನ ಕೇಳಲಿಲ್ಲ, ಎಲ್ಲರೂ ಬಾಗಿಲ ಬಗ್ಗೆನೇ ಕೇಳಿದ್ರು. ನಾನೂ ಹೇಳಲಿಲ್ಲ. ನೀವು ಲೋಟ ನೋಡ್ಕೊಂಡು ಕೂತಿದ್ರಲ್ಲ, ನಾನು ನಿಮ್ಮನ್ನ ನೋಡ್ಕೊಂಡು ಕೂತಿದ್ದೆ. ಅಷ್ಟೇ ವ್ಯತ್ಯಾಸ."

ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು.

"ಅವತ್ತು ಎದ್ದು ಮುಂದೆ ಹೋದೆ. ಕ್ಷಮಿಸಿ ಆಯ್ತು ಅಂತ ಹೋಗಲಿಲ್ಲ. ನನಗೇ ಕ್ಷಮೆ ಬೇಕಾಗಿತ್ತು ಅಂತ ಹೋದೆ. ಐವತ್ತು ವರ್ಷದ ಹತ್ತಿರ ಬಂದಿದ್ದೆ, ಅಲ್ಲಿ ತನಕ ಒಳ್ಳೇ ಮಾರ್ಕ್ಸ್ ತಗೊಂಡೋನ ಥರ ಹೋಗ್ತಿದ್ದೆ. ಅವತ್ತೇ ಮೊದಲ್ನೇ ಸಲ ಕೈ ಖಾಲಿ ಇಟ್ಕೊಂಡು ಹೋಗಿದ್ದು. ಕೊಟ್ರು. ಯಾರೂ ಏನೂ ಕೇಳಲಿಲ್ಲ. ಮಾರನೇ ದಿನ ಸ್ಕೂಲಲ್ಲಿ ನಿಮ್ಮನ್ನ ನೋಡ್ದಾಗ ಆ ಉರಿ ಇರಲಿಲ್ಲ. ಅದನ್ನ ನಾನು ಆರಿಸಿದ್ದಲ್ಲ. ಹಾಗಾಗಿ ದೊಡ್ಡ ಮನಸ್ಸು ಅಂತೆಲ್ಲ ಹೇಳ್ಬೇಡಿ, ನನಗೆ ಬಂದಿದ್ದನ್ನ ಆ ಕಡೆ ದಾಟಿಸಿದೆ, ಅಷ್ಟೆ."

ನಾನು ಮಂಡಳಿಗೆ ಪತ್ರ ಬರೆಯುತ್ತೇನೆ, ಹಳೆಯ ವಿದ್ಯಾರ್ಥಿನಿಯರ ಸಭೆಯಲ್ಲಿ ಎದ್ದು ನಿಂತು ಹೇಳುತ್ತೇನೆ ಎಂದೆ.

"ಬರೀಬೇಕು ಅನ್ನಿಸಿದ್ರೆ ಬರೀರಿ. ನನಗೆ ಬದಲು ಕೊಡೋಕೆ ಅಂತ ಬರೀಬೇಡಿ."

"ಏನಾದ್ರೂ ಮಾಡ್ಬೇಕಲ್ಲ ಸರ್. ಹಾಗೇ ಇಸ್ಕೊಳ್ಳೋದು ಹೇಗೆ?"

"ಹಾಗೇ ಇಸ್ಕೊಳ್ಳೋದೇ ಕಷ್ಟ," ಎಂದು ನಕ್ಕರು. ಆಮೇಲೆ, "ಆ ಮಗುವಿಗೆ ಹೇಳಿದ್ರಾ?" ಎಂದು ಕೇಳಿದರು. ಬಾಟಲಿಯ ವಿಷಯವನ್ನು ಅವರು, ಚರ್ಚಿನಲ್ಲಿ ಎದ್ದು ಮುಂದೆ ಹೋದ ಆ ವಾರವೇ, ಅವಳ ಮನೆಗೆ ಹೋಗಿ ಹೇಳಿ ಬಂದಿದ್ದರಂತೆ. ಅವಳ ಅಪ್ಪ ಬಾಗಿಲಲ್ಲೇ ನಿಲ್ಲಿಸಿ ಬೈದರಂತೆ. ಬಾಗಿಲು ತೆರೆದಿಟ್ಟವಳ ಹೆಸರನ್ನು ಅಲ್ಲಿಯೂ ಅವರು ಹೇಳಿರಲಿಲ್ಲ.

ನಾನು ಇಲ್ಲ ಎಂದೆ. ಹೇಳಿದರೆ ನನಗೆ ಸಮಾಧಾನ ಆಗುತ್ತದೆಯೇ ಎಂದು ಕೇಳಿದೆ.

"ಗೊತ್ತಿಲ್ಲ. ಸಮಾಧಾನಕ್ಕೆ ಅಂತ ಹೋಗೋದಾದ್ರೆ ಹೋಗ್ಬೇಡಿ. ಆ ಮಾತು ಅವಳಿಗೆ ಸೇರಿದ್ದು, ಇಷ್ಟು ದಿನ ನಿಮ್ಮತ್ರ ಇದೆ."

ಅಲ್ಲಿಂದ ಹಗುರಾಗಿ ಬಂದೆ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಒಂದು ಥರ ಸಿಟ್ಟೇ ಬಂದಿತ್ತು. ಬೈದಿದ್ದರೆ, ಏನಾದರೂ ಮಾಡು ಎಂದಿದ್ದರೆ, ಮಾಡಿ ಮುಗಿಸಿ ಸಮ ಆಗುತ್ತಿದ್ದೆ. ಅವರು ನನಗೆ ಸಮ ಆಗುವ ಅವಕಾಶವನ್ನೇ ಕೊಡಲಿಲ್ಲ. ಆದರೂ ಹೋಗುವುದು ಬಿಡಲಿಲ್ಲ. ತಿಂಗಳಿಗೆ ಎರಡು ಸಲ, ಗಾಂಧಿ ಬಜಾರಿನಲ್ಲಿ ತರಕಾರಿ ಕೊಂಡು ಹಾಗೇ ಮುಂದಕ್ಕೆ ಹೋಗಿ ಅವರ ಮನೆಯಲ್ಲಿ ಅರ್ಧ ಗಂಟೆ ಕೂತು ಬರುತ್ತಿದ್ದೆ. ಕಾಫಿ ಬರುತ್ತಿತ್ತು. ಅದಕ್ಕಿಂತ ಹೆಚ್ಚು ಏನೂ ಬರುತ್ತಿರಲಿಲ್ಲ. ಊಟದ ಹೊತ್ತಾದರೆ ಅವರ ಹೆಂಡತಿ ಗಡಿಯಾರ ನೋಡುತ್ತಿದ್ದರು, ನಾನು ಏಳುತ್ತಿದ್ದೆ. ಮಗುವಿನ ವಿಷಯ ಅವರು ಮತ್ತೆ ಎತ್ತಲಿಲ್ಲ. ಎರಡು ವರ್ಷ ಕಳೆಯಿತು. ಅವರಿಗೆ ಕಾಯಿಲೆ ಶುರುವಾಯಿತು. ಹಾಸಿಗೆ ಹಿಡಿದರು.

ಆ ಮೇಲೆಯೇ ನಾನು ಆ ಹುಡುಗಿಯ ಹತ್ತಿರ ಹೋದದ್ದು.

ಅವಳಿಗೆ ಈಗ ನಲವತ್ತು ದಾಟಿದೆ. ಅವೆನ್ಯೂ ರಸ್ತೆಯಲ್ಲಿ ಅಪ್ಪನ ಸ್ಟೇಷನರಿ ಅಂಗಡಿ ನೋಡಿಕೊಳ್ಳುತ್ತಾಳೆ. ಜನ, ಕೈಗಾಡಿ, ಸ್ಕೂಟರುಗಳ ನಡುವೆ ದಾರಿ ಮಾಡಿಕೊಂಡು ಹನ್ನೊಂದು ಗಂಟೆಗೆ ಅಂಗಡಿ ಮುಟ್ಟಿದೆ. ಅವಳು ಎಡಗೈಯಲ್ಲಿ ಬಿಲ್ ಬರೆಯುತ್ತಿದ್ದಳು. ಬಲಗೈ ಪುಸ್ತಕವನ್ನು ಒತ್ತಿ ಹಿಡಿದಿತ್ತು, ಮೊಣಕೈವರೆಗೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ನನ್ನನ್ನು ನೋಡಿ ಎದ್ದು ನಿಂತಳು.

"ಅಯ್ಯೋ ಕನ್ನಡ ಮಿಸ್. ಬನ್ನಿ, ಕೂತ್ಕೊಳ್ಳಿ. ಜ್ಯೂಸ್ ತರಿಸ್ಲಾ?"

ಬೇಡ ಎಂದು ಹೇಳಿ, ಗಿರಾಕಿಗಳು ಇಲ್ಲದ ಹೊತ್ತು ನೋಡಿ, ಹೇಳಿದೆ. ಚಿಕ್ಕದಾಗಿ ಹೇಳಿದೆ. ಬಾಗಿಲು ತೆರೆದಿಟ್ಟದ್ದು ನಾನು, ಬೀಗದ ಕೈ ಗುಟ್ಟಾಗಿ ಮೊಳೆಗೆ ಹಾಕಿದ್ದು ನಾನು, ಮೇಷ್ಟ್ರು ಅಲ್ಲ. ಅವಳು ಪೆನ್ನು ಕೆಳಗಿಟ್ಟಳು. ನಾನು ಎಲ್ಲದಕ್ಕೂ ಸಿದ್ಧಳಾಗಿ ಹೋಗಿದ್ದೆ. ಅವಳು ಕೇಳಿದ ಪ್ರಶ್ನೆಗೆ ಮಾತ್ರ ಸಿದ್ಧಳಾಗಿರಲಿಲ್ಲ.

"ಮಿಸ್, ಹತ್ತನೇ ಕ್ಲಾಸ್ ತನಕ ನೀವು ನನ್ನ ಪ್ರಬಂಧನೆಲ್ಲ ಕ್ಲಾಸಲ್ಲಿ ಓದಿಸ್ತಿದ್ರಿ. ಎಡಗೈಯಲ್ಲಿ ಬರೆಯೋದು ಕಲಿಸಿದ್ದು ನೀವೇ. ಸ್ಕೂಲ್ ಬಿಟ್ಮೇಲೆ ಒಂದು ಗಂಟೆ ಕೂರಿಸ್ಕೊಂಡು. ಅದೆಲ್ಲ ಇದಕ್ಕಾ?"

"ಶುರು ಮಾಡಿದ್ದು ಇದಕ್ಕೇ," ಎಂದೆ. "ಆದ್ರೆ ನೀನು ಚೆನ್ನಾಗಿ ಬರೀತಿದ್ದೆ. ಅದು ಸುಳ್ಳಲ್ಲ."

"ಈಗ ನನಗೆ ಅದು ಹೇಗೆ ಗೊತ್ತಾಗ್ಬೇಕು?" ಎಂದಳು. ದನಿ ಏರಿಸಲಿಲ್ಲ. "ಕೈ ಸುಟ್ಟಿದ್ದು ಯಾವಾಗ್ಲೋ ಹೊಂದ್ಕೊಂಡೆ ಮಿಸ್. ಮೇಷ್ಟ್ರು ಮನೆಗೆ ಬಂದು ಹೇಳ್ದಾಗ ಅವರ ಮೇಲಿನ ಸಿಟ್ಟೂ ಹೋಯ್ತು. ಸ್ಕೂಲಲ್ಲಿ ನನಗೆ ಅಂತ ಇದ್ದಿದ್ದು ಒಂದೇ, ಕನ್ನಡ ಮಿಸ್‌ಗೆ ನಾನಂದ್ರೆ ಇಷ್ಟ ಅನ್ನೋದು. ಅದನ್ನೂ ವಾಪಸ್ ತಗೊಂಡ್ರಿ." ಪೆನ್ನನ್ನು ಮತ್ತೆ ಎತ್ತಿಕೊಂಡಳು. "ನಿಮ್ಮನ್ನ ಕ್ಷಮಿಸೋಕೆ ನನ್ನ ಕೈಲಾಗಲ್ಲ. ಇವತ್ತಂತೂ ಆಗಲ್ಲ. ಮುಂದೆ ಗೊತ್ತಿಲ್ಲ."

ಒಬ್ಬ ಗಿರಾಕಿ ಬಂದು ಮದುವೆ ಕಾರ್ಡಿನ ಸ್ಯಾಂಪಲ್ ಕೇಳಿದ. ಅವಳು ತೋರಿಸಲು ತಿರುಗಿದಳು. ನಾನು ಎದ್ದು ಬಂದೆ.

ರಸ್ತೆಯ ಅಂಚಿನಲ್ಲಿ, ಹಳೆ ಪುಸ್ತಕದ ರಾಶಿಯ ಪಕ್ಕದಲ್ಲಿ ಬಹಳ ಹೊತ್ತು ನಿಂತಿದ್ದೆ. ಅಳು ಬರಲಿಲ್ಲ. ಅವಳ ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನ್ಯಾಯವಾಗಿ ನನಗೆ ಸಿಗಬೇಕಾದದ್ದು ಅಷ್ಟೇ, ಅದು ಸಿಕ್ಕಿತ್ತು. ಅಲ್ಲಿಯವರೆಗೂ ಮೇಷ್ಟ್ರು ನನ್ನ ಜೊತೆ ಮತ್ತೆ ಮಾತಾಡಿದ್ದನ್ನು ನ್ಯಾಯವೆಂದೇ, ಒಳ್ಳೆಯ ಮನುಷ್ಯರು ಮಾಡಿಯೇ ಮಾಡುವ ಕೆಲಸವೆಂದೇ ತಿಳಿದಿದ್ದೆ. ಅದು ಬರಲೇಬೇಕೆಂದು ಯಾವ ನಿಯಮವೂ ಇರಲಿಲ್ಲ. ಬರದೆ ಇದ್ದಿದ್ದರೆ ಯಾರೂ ಅವರನ್ನು ತಪ್ಪು ಎನ್ನುವಂತಿರಲಿಲ್ಲ. ಆ ಸೋಮವಾರ ನನ್ನ ಕಡೆ ಸರಿದ ಡಬ್ಬಿಯಲ್ಲಿ ಏನಿತ್ತು ಎಂಬುದು ನನಗೆ ಅವೆನ್ಯೂ ರಸ್ತೆಯಲ್ಲಿ ನಿಂತು ತಿಳಿಯಿತು.

ಅವರಿಗೆ ಹೇಳಬೇಕೆಂದು ನೇರವಾಗಿ ಚಾಮರಾಜಪೇಟೆಗೆ ಹೋದೆ. ಹೆಂಡತಿ ಬಾಗಿಲು ತೆರೆದರು. "ಈಗ ತಾನೆ ಅವರಿಗೆ ನಿದ್ದೆ ಹತ್ತಿದೆ," ಎಂದರು. ಹಾಗಾದರೆ ನಾಳೆ ಬರುತ್ತೇನೆ ಎಂದೆ. ಆಕೆ ನನ್ನ ಮುಖ ನೋಡಿ, "ಏನಾಯ್ತು?" ಎಂದರು. ನಿಂತಲ್ಲಿಯೇ ಎಲ್ಲ ಹೇಳಿದೆ. ಆ ಹುಡುಗಿ ಏನೆಂದಳೋ ಅದನ್ನು ಅವಳ ಮಾತಿನಲ್ಲೇ ಹೇಳಿದೆ.

"ಸರಿಯಾಗೇ ಹೇಳಿದಾಳೆ," ಎಂದರು ಆಕೆ. "ನಾನಾಗಿದ್ರೂ ಅದನ್ನೇ ಹೇಳ್ತಿದ್ದೆ."

"ಹೌದು" ಎಂದೆ.

ಆಕೆ ಬಾಗಿಲ ಚಿಲಕದ ಮೇಲೆ ಕೈಯಿಟ್ಟುಕೊಂಡು ಒಳಗಿನ ಗಡಿಯಾರ ನೋಡಿದರು. ಒಂದು ಗಂಟೆ ಆಗುತ್ತಾ ಬಂದಿತ್ತು. ನಾನು ಮೆಟ್ಟಿಲ ಕಡೆ ತಿರುಗಿದೆ.

"ಬೆಳಗ್ಗೆಯಿಂದ ಏನೂ ತಿಂದಿಲ್ಲ ಅಂತ ಕಾಣುತ್ತೆ," ಎಂದರು. "ಬನ್ನಿ ಒಳಗೆ. ಅನ್ನ ಆಗಿದೆ, ಹುರುಳಿಕಾಯಿ ಹುಳಿ ಮಾಡಿದೀನಿ. ಕೈ ತೊಳ್ಕೊಳ್ಳಿ."

ನಾನು ಕೈ ತೊಳೆದುಕೊಂಡು ಬಂದು ಮೇಜಿನ ಮುಂದೆ ಕೂತೆ. ಆಕೆ ತಟ್ಟೆ ತಂದಿಟ್ಟು ಬಡಿಸಿದರು. ಒಳಕೋಣೆಯಿಂದ ಅವರ ದನಿ ಕೇಳಿಸಿತು. ತುಂಬಾ ಸಣ್ಣಗಾಗಿತ್ತು.

"ಯಾರದು?"

"ಕನ್ನಡ ಮೇಡಂ," ಎಂದರು ಹೆಂಡತಿ, ಹುಳಿ ಹಾಕುತ್ತಾ. "ಊಟಕ್ಕೆ ಕೂತಿದಾರೆ."

ಮತ್ತೆ ನಿದ್ದೆ ಹತ್ತಿತೇನೋ ಎಂದುಕೊಂಡೆ.

"ಹೌದಾ," ಎಂದರು ಆಮೇಲೆ. "ಹಾಗಾದ್ರೆ ನನಗೂ ಅಲ್ಲೇ ತಟ್ಟೆ ಹಾಕು. ಬರ್ತೀನಿ."

ಎರಡು ವಾರದಿಂದ ಅವರು ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಆಕೆ ಸೌಟನ್ನು ಹಾಗೇ ಬಿಟ್ಟು ಒಳಗೆ ಓಡಿದರು, ನಾನು ಎಡಗೈಯಲ್ಲಿ ಕುರ್ಚಿ ಸರಿಸಿ ಹಿಂದೆಯೇ ಹೋದೆ. ಒಂದು ಕಡೆ ಆಕೆ ಹಿಡಿದರು. ಇನ್ನೊಂದು ಕಡೆ ಹಿಡಿದುಕೊಳ್ಳಲು ನನಗೆ ಕಣ್ಣಲ್ಲೇ ಸನ್ನೆ ಮಾಡಿದರು.